ಎಲಚಿ ಮರದ ಗೆರೆಗಳು

ತೊಂಬತ್ತರ ದಶಕದ ಮಧ್ಯದಲ್ಲಿ ನಾವು ದೋಹಾದ ಅಲ್ ಹಿಲಾಲ್‌ನಲ್ಲಿದ್ದೆವು. ಮೈಸೂರಿನ ಕಾಲೇಜಿನಲ್ಲಿ ಆರು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದ ನನ್ನನ್ನು ಅಲ್ಲಿನ ವೀಸಾ ಒಂದೇ ಏಟಿಗೆ ಗೃಹಿಣಿ ಮಾಡಿಬಿಟ್ಟಿತ್ತು. ಗಂಡ ಆಫೀಸಿಗೆ ಹೋದ ಮೇಲೆ ನನ್ನ ಮಾತಿಗೆ ಸಿಗುತ್ತಿದ್ದದ್ದು ಅಂಗಳದ ಎಲಚಿ ಮರ ಒಂದೇ.

ಒಂದು ಚಳಿಗಾಲ ಆ ಮರದ ಎಳೆ ಕೊಂಬೆಗಳ ತೊಗಟೆಯ ಮೇಲೆ ಅಂಕುಡೊಂಕು ಗೆರೆಗಳು ಎದ್ದವು. ವಿಲ್ಲಾದ ಉಸ್ತುವಾರಿ ನೋಡುತ್ತಿದ್ದ ಮಂಗಳೂರಿನವರು ಬಂದು ತಲೆಯಾಡಿಸಿದರು.

"ಗೆದ್ದಲು ಮಾರಾಯ್ರೆ. ಮರ ಖಲಾಸ್. ಬಾಗಿಲಿಗೆ ಹಿಡಿಯುವ ಮೊದಲು ಕಡಿಸ್ಬೇಕು."

"ಗೆದ್ದಲಾದ್ರೆ ಮಣ್ಣೆಲ್ರೀ? ಇದು ಯಾವುದೋ ಪತಂಗದ ಮರಿ. ತೊಗಟೆಯೊಳಗೇ ತಿನ್ಕೊಂಡು ಹೋಗತ್ತೆ, ಮರದೊಳಕ್ಕೆ ಇಳಿಯಲ್ಲ."

"ಪತಂಗ ಎಲ್ಲುಂಟು?"

"ತೋರಿಸ್ತೀನಿ. ಎರಡು ವಾರ ಕೊಡಿ."

ಅವರು ನಕ್ಕು ಒಪ್ಪಿದರು. ಆ ನಗೆಗೆ ನನಗೆ ಮೈಯೆಲ್ಲ ಉರಿಯಿತು. ಮರ ಹೋದರೆ ನೆರಳು ಹೋಗುತ್ತದೆ, ಸರಿ. ಆದರೆ ನಾನು ಕಲಿತದ್ದಕ್ಕೂ ಬೆಲೆಯಿಲ್ಲದ ಹಾಗಾಗುತ್ತದೆ. ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲವೆಂದು ಹಟ ಹಿಡಿದೆ.

ಗಂಡನ ಹಳೆಯ ತೆಳು ಪಂಚೆಯನ್ನು ಹರಿದು, ಗೆರೆ ಹೆಚ್ಚಿದ್ದ ಕೊಂಬೆಗೆ ಚೀಲದಂತೆ ಸುತ್ತಿ ಎರಡೂ ತುದಿ ಬಿಗಿದೆ. ಹೊರಬರುವ ಪತಂಗ ಬಟ್ಟೆಯೊಳಗೇ ಉಳಿಯಬೇಕು.

"ಮರದ ಕೈ ಮುರಿದಿದ್ಯಾ? ಕಟ್ಟು ಹಾಕಿದ್ದೀಯಲ್ಲ!" ಎಂದು ಗಂಡ ಕೀಟಲೆ ಮಾಡಿದರು.

ಬೆಳಿಗ್ಗೆ, ಸಂಜೆ ಸ್ಟೂಲು ಹತ್ತಿ ಇಣುಕಿದೆ. ಹತ್ತು ದಿನ ಒಣ ಎಲೆಯ ಚೂರು ಬಿಟ್ಟರೆ ಏನೂ ಇಲ್ಲ. ಹನ್ನೊಂದನೆಯ ದಿನ ಬೀಸಿದ ಗಾಳಿಗೆ ಬಟ್ಟೆ ಹರಿಯಿತು. ಬಂದಿದ್ದ ಪತಂಗ ಹಾರಿಹೋಗಿರಬಹುದೆಂದು ಅತ್ತೇಬಿಟ್ಟೆ. ಕಣ್ಣೊರೆಸಿಕೊಂಡು ಹರುಕನ್ನು ಹೊಲಿದೆ.

ಹದಿಮೂರನೆಯ ಬೆಳಿಗ್ಗೆ ಬಟ್ಟೆಯ ಒಳಮೈಗೆ ಒಂದು ಕೂತಿತ್ತು. ಅಕ್ಕಿಕಾಳಿಗಿಂತ ಚಿಕ್ಕದು, ರೆಕ್ಕೆಯ ಮೇಲೆ ಬೆಳ್ಳಿ ಪಟ್ಟೆ. ಗೆರೆಯೊಂದರ ತುದಿಯಲ್ಲಿ ಅದು ಬಿಟ್ಟುಬಂದ ಖಾಲಿ ಕೋಶ ಅಂಟಿಕೊಂಡಿತ್ತು. ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಉಸ್ತುವಾರಿಯವರು ಗರಗಸದವನನ್ನು ಕರೆದುಕೊಂಡೇ ಬಂದರು. ಅವರನ್ನು ಸ್ಟೂಲು ಹತ್ತಿಸಿದೆ. ತುಂಬ ಹೊತ್ತು ನೋಡಿದರು. ಇಳಿದು, ಜೊತೆಯವನಿಗೆ "ಯಲ್ಲಾ, ಹೋಗುವಾ" ಎಂದಷ್ಟೇ ಹೇಳಿ ಹೊರಟರು. ಗೆದ್ದೆನೆಂಬ ಖುಷಿಗಿಂತ ಪೆಚ್ಚೆನಿಸಿದ್ದೇ ಹೆಚ್ಚು.

ವಾರದ ನಂತರ ಅವರೇ ಬಂದು ಬಾಗಿಲು ತಟ್ಟಿದರು.

"ಅಬು ಹಮೂರ್‌ನ ವಿಲ್ಲಾದಲ್ಲಿ ಗೆದ್ದಲು ಅಂತ ನಾಲ್ಕು ಮರ ಕಡಿಯಲಿಕ್ಕೆ ಹೇಳಿದ್ದಾರೆ ಮೇಡಂ. ಅದಕ್ಕೆ ಮೊದಲು ನೀವೊಮ್ಮೆ ಬಂದು ನೋಡ್ಬೇಕಿತ್ತು."

ನಾನು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.