ಮದುವೆಯ ಗರ್ನಾಲ್

ಬರ್ಮಾದ ಯುದ್ಧದಿಂದ ನನ್ನ ಚಿಕ್ಕಪ್ಪ ತಂದದ್ದು ಒಂದು ಕಂಬಳಿ, ಮತ್ತೆ ಸದ್ದಾದರೆ ಮೇಜಿನಡಿ ನುಗ್ಗುವ ಅಭ್ಯಾಸ. ಹತ್ತು-ಹನ್ನೆರಡು ವರ್ಷ ಕಳೆದರೂ ಅದು ಹೋಗಲಿಲ್ಲ. ಪಾದ್ರಿಗಳು ತೀರ್ಥ ಚಿಮುಕಿಸಿದರು, ಡಾಕ್ಟರು ಟಾನಿಕ್ ಬರೆದರು. ಟಾನಿಕ್ ಕುಡಿದು ದಪ್ಪಗಾದದ್ದು ಅಪ್ಪ.

ಬೋಳಾರದ ಮನೆಯಲ್ಲಿ ನನ್ನ ಮದುವೆ. ಮದುಮಕ್ಕಳು ಇಗರ್ಜಿಯಿಂದ ಬಂದಾಗ ಗರ್ನಾಲ್ ಸಿಡಿಸಲೇಬೇಕು, ನೆರೆಮನೆಯ ಹೆಂಚೂ ನಡುಗಬೇಕು. ಚಿಕ್ಕಪ್ಪನಿಗಾಗಿ ಅಪ್ಪ ಅದು ಬೇಡವೆಂದರೆ, ಗಂಡಿನ ಕಡೆಯವರು "ಇದೆಂತ, ಸಾವಿನ ಮನೆಯಾ?" ಎಂದು ಮೂತಿ ತಿರುವಿದರು.

"ಬೆಂಕಿ ನಾನೇ ಕೊಡ್ತೇನೆ ಅಣ್ಣಾ," ಎಂದರು ಚಿಕ್ಕಪ್ಪ. "ಯಾವಾಗ ಸಿಡಿಯುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ಎಂತದು?"

ಒಂದರ ಮೇಲೊಂದು ಸಿಡಿಸಿದರು, ಕಣ್ಣು ಸಹ ಮಿಟುಕಿಸಲಿಲ್ಲ. ಬೆಚ್ಚಿ ನನ್ನ ಕೈ ಹಿಡಿದುಕೊಂಡದ್ದು ನನ್ನ ಗಂಡನೆಂಬ ಶೂರ.

ಆಮೇಲೆ ಎಲ್ಲರೂ ಫೋಟೋಕ್ಕೆ ನಿಂತಾಗ ಯಾರೋ ಚಿಕ್ಕಪ್ಪನ ಬೆನ್ನ ಹಿಂದೆ ಗೋಲಿಸೋಡ ಒಡೆದರು. ಚಿಕ್ಕಪ್ಪ ಊಟದ ಮೇಜಿನಡಿ ಮಾಯ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಮದುವೆಯ ಸೀರೆ ಎತ್ತಿ ಕಟ್ಟಿ ನಾನೂ ಮೇಜಿನಡಿ ತೂರಿದೆ.

ಚಿಕ್ಕಪ್ಪ ನನ್ನ ತಲೆಯನ್ನು ನೆಲಕ್ಕೊತ್ತಿ ಹಿಡಿದು ಪಿಸುಗುಟ್ಟಿದರು: "ಮೇಲೆ ಯಾರಾದರೂ ಬದುಕಿದ್ದಾರಾ?"

"ಎಲ್ಲರೂ ಇದ್ದಾರೆ ಚಿಕ್ಕಪ್ಪಾ, ಹಲ್ಲು ಕಿರಿಯುತ್ತಿದ್ದಾರೆ," ಎಂದೆ. "ನಾವು ಇಲ್ಲೇ ಇರುವ."