ಅಡ್ಡ ಬಂದ ಜೊಂಡು

ಸಿಂಧನೂರಿನಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಜಾವೀದನ ಫೋಟೋ ಸ್ಟುಡಿಯೋ. ಮದುವೆ ಮನೆಯಲ್ಲಿ ಎಂಥ ಮುನಿಸಿಕೊಂಡ ಬೀಗರನ್ನೂ ನಗಿಸಿ ನಿಲ್ಲಿಸುವ ಈ ಮನುಷ್ಯ ಮೂರು ವರ್ಷದಿಂದ ಒಂದು ಹಕ್ಕಿಯ ಹಿಂದೆ ಬಿದ್ದಿದ್ದ. ಕೆಂಪು ಗುಪ್ಪಿ. ಕೊಕ್ಕರೆ ಪೈಕಿಯದು. ಜೌಗಿನಲ್ಲಿ ಮನುಷ್ಯರ ಸುಳಿವು ಸಿಕ್ಕರೆ ಸಾಕು, ಕತ್ತು ಮೇಲೆತ್ತಿ ಜೊಂಡಿನ ನಡುವೆ ಅಲುಗದೆ ನಿಂತುಬಿಡುತ್ತದೆ. ಅದರ ಬೆನ್ನು ಬಿಟ್ಟರೆ ಇವನ ಕ್ಯಾಮೆರಾಕ್ಕೆ ಏನೂ ಸಿಕ್ಕಿರಲಿಲ್ಲ. ನನಗಂತೂ ಕೇಳಿ ಕೇಳಿ ತಲೆಚಿಟ್ಟು ಹಿಡಿದಿತ್ತು. "ಹೆಂಡ್ತಿ ಮಾರಿ ಇಷ್ಟೊತ್ತು ನೋಡಿಯೇನಲೇ?" ಎಂದು ಬೈದಿದ್ದೇನೆ.

ಈ ಆಷಾಢದಲ್ಲಿ, ಮದುವೆಗಳಿಲ್ಲದ ಹೊತ್ತಿನಲ್ಲಿ, ಸಾಲಗುಂದದ ಗ್ಯಾನಮ್ಮನ ಗದ್ದೆಯಂಚಿನಲ್ಲಿ ಗೂಡೇ ಸಿಕ್ಕಿತು. ಕಾಲುವೆಯ ಬಸಿನೀರು ನಿಂತು ಬೆಳೆದ ಜೊಂಡು, ಅದರೊಳಗೆ ನಾಲ್ಕು ಬಿಳಿ ತತ್ತಿ. ತೋರಿಸಿದವಳೂ ಗ್ಯಾನಮ್ಮನೇ. ತಾಯಿ ಮರಿಗೆ ಗುಟುಕು ಕೊಡುವ ಒಂದೇ ಒಂದು ಚಿತ್ರ ಸಿಕ್ಕರೆ ಕ್ಯಾಮೆರಾ ಹಿಡಿದದ್ದು ಸಾರ್ಥಕ ಎನ್ನುತ್ತ ಅವನು ದಿನವೂ ದೂರದ ಬದುವಿನ ಮೇಲೆ ಬೋರಲು ಮಲಗಿ ಕಾಯುತ್ತಿದ್ದ. ಗ್ಯಾನಮ್ಮ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟು, "ಬಂತೇನಪಾ ಫೋಟೋ?" ಎಂದು ಕೇಳುವಳು.

"ಎಲ್ಲೀದು ಯವ್ವಾ, ಈ ಜೊಂಡು ಅಡ್ಡ ಬರತೈತಿ." ದಿನಾ ಅದೇ ಮಾತು.

ಹನ್ನೆರಡನೆಯ ದಿನ ನನ್ನನ್ನೂ ಎಳೆದೊಯ್ದ. ಬದು ಏರಿದವನೇ ನಿಂತುಬಿಟ್ಟ. ಗೂಡಿನ ಸುತ್ತಲಿನ ಜೊಂಡನ್ನೆಲ್ಲ ಯಾರೋ ಕೊಯ್ದು ಹಾಕಿದ್ದರು. ತತ್ತಿಗಳು ಬಿಸಿಲಿಗೆ ಬಿದ್ದಿದ್ದವು. ಗ್ಯಾನಮ್ಮ ಕುಡುಗೋಲು ಹಿಡಿದು ನಗುತ್ತ ಬಂದಳು.

"ನಸುಕಿನ್ಯಾಗ ಬಂದು ಕೊಯ್ದೀನಪಾ. ಈಗ ಏನೂ ಅಡ್ಡ ಇಲ್ಲ. ಹೊಡಿ ಫೋಟೋ."

ಬೈಯಲು ನನ್ನ ನಾಲಿಗೆ ತುರಿಸಿತು, ಆದರೆ ಯಾರನ್ನು ಬೈಯುವುದು? ಜಾವೀದ ಚಪ್ಪಲಿ ಸಮೇತ ಕೆಸರಿಗಿಳಿದು, ಕೊಯ್ದ ಜೊಂಡನ್ನೇ ಗೂಡಿನ ಸುತ್ತ ನೆಡತೊಡಗಿದ. ಒಂದು ನೆಟ್ಟರೆ ಇನ್ನೊಂದು ವಾಲುತ್ತಿತ್ತು. ಮೂವರೂ ದೂರ ಸರಿದು ಹೊತ್ತು ಇಳಿಯುವವರೆಗೆ ಕಾದೆವು. ಹಕ್ಕಿ ಒಮ್ಮೆ ಮೇಲೆ ಸುತ್ತಿ ಹೋದದ್ದು, ಮರೆಯಿಲ್ಲದ ಗೂಡಿಗೆ ತಿರುಗಿ ಬರಲಿಲ್ಲ. ಕಾಗೆಗಳು ಬಂದವು. ಜಾವೀದ ಓಡಿಸಿದ, ಮತ್ತೆ ಬಂದವು. ನನಗೆ ಅವನ ಮುಖ ನೋಡಲಾಗಲಿಲ್ಲ.

ಗ್ಯಾನಮ್ಮನಿಗೆ ಆಗ ತಿಳಿಯಿತು. "ನಾ ತಪ್ಪು ಮಾಡಿದ್ನೇನಪಾ?"

"ನಿಂದೇನೈತಿ ಯವ್ವಾ. ಅಡ್ಡ ಬರತೈತಿ ಅಂತ ದಿನಾ ಅಂದಾಂವ ನಾನ."

ಅವಳು ಸುಮ್ಮನಿರಲಿಲ್ಲ. ಕೆಸರಿಗಿಳಿದು ನಾಲ್ಕೂ ತತ್ತಿಗಳನ್ನು ಸೆರಗಿನಲ್ಲಿ ತುಂಬಿಕೊಂಡಳು.

"ಮನ್ಯಾಗ ನಮ್ಮ ಕೋಳಿ ಕಾವಿಗೆ ಕುಂತೈತಿ. ಅದರ ಬುಡಕ ಇಡತೀನಿ. ಮರಿ ಆದ್ವಂದ್ರ ಏನು ತಿನಸಬೇಕು, ಅದಷ್ಟು ಹೇಳು."

ಜಾವೀದ ಒಂದು ತತ್ತಿಯನ್ನು ಮುಟ್ಟಿ ನೋಡಿ ಕೈ ಹಿಂದೆಗೆದ. ದಿನವಿಡೀ ಬಿಸಿಲಲ್ಲಿ ಕಾದದ್ದರಲ್ಲಿ ಜೀವ ಉಳಿದಿರಲಾರದೆಂದು ನನಗೇ ಗೊತ್ತಿತ್ತು, ಅವನಿಗೆ ಗೊತ್ತಿರುವುದಿಲ್ಲವೆ? ಅವಳು ಅವನ ಬಾಯನ್ನೇ ನೋಡುತ್ತ ನಿಂತಿದ್ದಳು.

"ಸಣ್ಣ ಮೀನು ತಿನಸಬೇಕು ಯವ್ವಾ," ಎಂದ. "ನಾ ದಿನಾ ಹಿಡಕೊಂಡು ಬಂದು ಕೊಡತೀನಿ."