ಪಾಯದ ಗುಂಡಿಗೆ ಇಳಿದವಳು

ಗಜೇಂದ್ರಗಡದಲ್ಲಿ ಊರು ಮುಗಿಯುವ ಕಡೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಅದರ ಕಲ್ಲಿನ ಕಟ್ಟಡಕ್ಕೆ ಪಾಯ ತೋಡುವಾಗ ದೇವವ್ವ ಹತ್ತಿರದ ಸೂಡಿ ಊರಿಗೆ ಹೊಸದಾಗಿ ಬಂದ ಸೊಸೆ. ಅವಳೂ ಪಕ್ಕದ ಮನೆಯ ಖಾಜಾಬಿಯೂ ಒಂದೇ ಬಸ್ಸಿಗೆ ಹೋಗಿ ಅಲ್ಲಿ ಮಣ್ಣು ಹೊತ್ತವರು. ಈಗ ಇಬ್ಬರಿಗೂ ಮೊಮ್ಮಕ್ಕಳಿದ್ದಾರೆ.

ಕಟ್ಟಡಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಅದರ ಇತಿಹಾಸದ ವಿಡಿಯೊ ಮಾಡಲು ಕೇಂದ್ರದ ಅಧ್ಯಾಪಕಿ ಯಶೋಧರಾ ಸೂಡಿಗೆ ಬಂದರು. ಅವತ್ತು ದೇವವ್ವ ನರೇಗಲ್ ಕಡೆಯ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು. ಸಿಕ್ಕವಳು ಖಾಜಾಬಿ.

ಆ ವಿಡಿಯೊ ಊರವರ ಮೊಬೈಲುಗಳಲ್ಲೆಲ್ಲ ಓಡಾಡಿತು. ಪಾಯದ ಮಣ್ಣು ಕುಸಿದು ಕಲ್ಲು ಕಟ್ಟುವ ಗೌಂಡಿ ಗುರುಸಂಗಪ್ಪ ಎದೆಮಟ ಹೂತುಹೋದದ್ದನ್ನು ಖಾಜಾಬಿ ಅದರಲ್ಲಿ ಹೇಳುತ್ತಿದ್ದಳು. "ಗಂಡಸರು ಅಂಜಿ ದಂಡಿಗೆ ನಿಂತ್ರು. ನಾವ ಇಳದು ಮಣ್ಣ ತೆಗದ್ವಿ. ಜೀವ ಉಳೀತು."

ನಾವು ಎಂಬ ಆ ಮಾತಿಗೆ ದೇವವ್ವ ಉರಿದುಬಿದ್ದಳು. ಗುಂಡಿಗೆ ಇಳಿದವಳು ಅವಳೊಬ್ಬಳೇ. ಉಗುರು ಕಿತ್ತು ರಕ್ತ ಬಂದದ್ದು ಅವಳ ಕೈಯಲ್ಲಿ. ಈಗ ನೋಡಿದರೆ ಹಿಟ್ಟಿನ ಗಿರಣಿಯಲ್ಲಿ ಜನ ಖಾಜಾಬಿಗೆ ಪಾಳಿ ಬಿಟ್ಟುಕೊಡುತ್ತಿದ್ದರು. ದೇವವ್ವನ ಸೊಸೆ ಅನಿತಾ ಕೂಡ, "ಖಾಜಾಬಿ ಚಿಗವ್ವ ಎಷ್ಟ ಚಂದ ಮಾತಾಡ್ಯಾಳರಿ, ಅತ್ತಿ" ಎಂದಳು. ದೇವವ್ವ ಅರ್ಧ ರೊಟ್ಟಿ ಬಿಟ್ಟು ಎದ್ದಳು.

ಮರುದಿನ ಅವಳೇ ಬಸ್ಸು ಹತ್ತಿ ಕೇಂದ್ರಕ್ಕೆ ಹೋಗಿ, ಕ್ಯಾಮೆರಾದ ಮುಂದೆ ಕೂತು ಎಲ್ಲ ಹೇಳಿದಳು.

"ಆಗ ನಿಮ್ಮ ಕೂಡ ಯಾರಿದ್ರು, ಯವ್ವಾ?" ಯಶೋಧರಾ ಕೇಳಿದರು.

"ಯಾರೂ ಇರಲಿಲ್ರಿ. ನಾ ಒಬ್ಬಾಕೀನ."

ಆ ವಿಡಿಯೊ ಕೂಡ ಊರಿಗೆ ತಲುಪಿತು. ಸಂಜೆ ಖಾಜಾಬಿ ಬಂದು ಕಟ್ಟೆಯ ಮೇಲೆ ಕೂತಳು. ದೇವವ್ವ ಜಗಳಕ್ಕೆ ತಯಾರಾಗಿಯೇ ಇದ್ದಳು. ಖಾಜಾಬಿ ದನಿ ಏರಿಸಲಿಲ್ಲ. "ನೀ ಇಳಿಯೂಮುಂದ ನಿನ್ನ ನಡಕ್ಕ ಹಗ್ಗ ಕಟ್ಟಿದಾಕಿ ಯಾರ? ಮ್ಯಾಲಿನ ಮಣ್ಣ ಮತ್ತ ಜರದಾಗ ನಿನ್ನ ಎಳದಾಕಿ ಯಾರ?"

ಆ ಹಗ್ಗಕ್ಕೆ ಖಾಜಾಬಿಯ ಅಂಗೈ ಸುಲಿದುಹೋಗಿತ್ತು. ಗಾಯ ಮಾಯುವತನಕ ಅವಳ ಮನೆಯ ರೊಟ್ಟಿ ಬಡಿದುಕೊಟ್ಟವಳೇ ದೇವವ್ವ.

"ನೀ ಯಾಕ ನಾವು ಅಂದಿ?"

"ಇಬ್ಬರೂ ಇದ್ವಲ್ಲ."

"ನನ್ನ ಹೆಸರ ಹೇಳಬೇಕಿತ್ತು."

"ಅದು ಖರೇ" ಎಂದು ಖಾಜಾಬಿ ಎದ್ದು ಹೋದಳು.

ಎರಡು ದಿನ ದೇವವ್ವನಿಗೆ ಕೈಗೆ ಕೆಲಸ ಹತ್ತಲಿಲ್ಲ. ಕೊನೆಗೆ ಮತ್ತೆ ಕೇಂದ್ರಕ್ಕೆ ಹೋದಳು. "ಹಗ್ಗ ಹಿಡದಾಕಿ ಖಾಜಾಬಿ ಅಂತ ಸೇರಸ್ರಿ, ಮೇಡಂ. ಆದ್ರ ಇಳದಾಕಿ ನಾನು. ಅದನ್ನ ಮೊದಲ ಹಾಕ್ರಿ."

ಕೇಂದ್ರದಲ್ಲಿ ಇಪ್ಪತ್ತೈದರ ಸಮಾರಂಭದ ದಿನ ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆಯ ಮೇಲೆ ಖಾಜಾಬಿಯ ಮುಖವೇ ಮೊದಲು ಬಂತು. ದೇವವ್ವನಿಗೆ ಅದು ಸೇರಲಿಲ್ಲ. ಸೆರಗು ಎಳೆದುಕೊಂಡು, ತನ್ನ ಸರದಿ ಬರುವತನಕ ಕಣ್ಣು ಕೀಳದೆ ನೋಡುತ್ತ ಕೂತಳು.